ಟವೆಲ್ ಕೆಳಗಿನ ಎರಡು ಕ್ಯಾಬಿನೆಟ್

ದಾವಣಗೆರೆಯ ಒಂದು ಕಾಲೇಜಿನ ಹುಡುಗರು ಕರೆದಿದ್ದರು. ಗೇಮಿಂಗ್ ಕಂಪ್ಯೂಟರ್ ಕೊಳ್ಳುವಾಗ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಚಿಪ್, ಹೇಗೆ ಆರಿಸಬೇಕು ಅಂತ ಮಾತಾಡಿ ಅಂದರು. ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ದಿನವೂ ಮಾತಾಡುವುದೇ ಅದು, ಮೈಕ್ ಹಿಡಿದು ಮಾತ್ರ ಮೊದಲ ಸಲ. ಆ ದಿನ ಆಡಿದ್ದನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಟೇಬಲ್ ನೋಡಿ. ಎರಡು ಕಂಪ್ಯೂಟರ್ ಕ್ಯಾಬಿನೆಟ್ ಇವೆ, ಎರಡಕ್ಕೂ ಟವೆಲ್ ಹೊದಿಸಿದ್ದೇನೆ. ಒಂದರೊಳಗೆ ಎಎಂಡಿ ಕಂಪನಿಯ ರೈಜನ್ 5 5600 ಪ್ರೊಸೆಸರ್ ಇದೆ, ಇನ್ನೊಂದರಲ್ಲಿ ಇಂಟೆಲ್‌ನ ಕೋರ್ ಐ5-12400ಎಫ್. ಗ್ರಾಫಿಕ್ಸ್ ಕಾರ್ಡ್ ಎರಡರಲ್ಲೂ ಒಂದೇ ಮಾದರಿ. ರ್ಯಾಮ್, ಅಂದರೆ ಕೆಲಸದ ಮೆಮೊರಿ, ಎರಡರಲ್ಲೂ ಒಂದೇ ಅಳತೆ, ಮಾನಿಟರ್ ಕೂಡ ಅವಳಿ-ಜವಳಿ. ಕಾರ್ಯಕ್ರಮ ಶುರುವಾಗುವ ಮೊದಲು ನಿಮ್ಮಲ್ಲಿ ಎಂಟು ಜನ ಎರಡರಲ್ಲೂ ಹತ್ತತ್ತು ನಿಮಿಷ ಆಡಿದ್ದೀರಿ. ಯಾವ ಡಬ್ಬದಲ್ಲಿ ಯಾವುದಿದೆ ಅಂತ ಚೀಟಿ ಬರೆದು ಈ ಸ್ಟೀಲ್ ಡಬ್ಬಿಗೆ ಹಾಕಿದ್ದೀರಿ. ಮುಂದಿನ ಸಾಲಿನ ಇಬ್ಬರು ಬೆಣ್ಣೆ ದೋಸೆ ಪಂಥ ಬೇರೆ ಕಟ್ಟಿದ್ದಾರೆ. ಚೀಟಿ ಕೊನೆಗೆ ತೆಗೆಯೋಣ. ಈಗಲೇ ತೆಗೆದರೆ ನನ್ನ ಮಾತು ಕೇಳಲು ಯಾರೂ ಕೂರುವುದಿಲ್ಲ.

ಇವೆರಡೂ ಹಳೇವಲ್ವಾ ಅಂತ ಕೇಳಬಹುದು. ಹೌದು, ಹಳೇವೇ. 12400ಎಫ್ ಬಂದದ್ದು 2022ರ ಜನವರಿಯಲ್ಲಿ, 5600 ಬಂದದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ಆಮೇಲೆ ಹೊಸ ಹೊಸ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಬಂದಿವೆ, ಡಿಡಿಆರ್5 ರ್ಯಾಮ್ ಬಳಕೆ ಹೆಚ್ಚಿದೆ. ಆದರೂ ನನ್ನ ಅಂಗಡಿಗೆ ಬರುವ ಹುಡುಗರ ಪಟ್ಟಿಯಲ್ಲಿ ಈ ಎರಡು ಹೆಸರು ಇದ್ದೇ ಇರುತ್ತವೆ. ಕಾರಣ ದುಡ್ಡು. ಇವೆರಡೂ ಹಿಂದಿನ ತಲೆಮಾರಿನ ಡಿಡಿಆರ್4 ರ್ಯಾಮ್ ಜತೆ ಓಡುತ್ತವೆ. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನೆಲ್ಲ ಎಳೆದುಕೊಂಡು ರ್ಯಾಮ್ ಬೆಲೆ ಎಲ್ಲಿಗೋ ಹೋಯಿತಲ್ಲ, ಆಗಂತೂ ಮನೆಯಲ್ಲಿ ಹಳೇ ಡಿಡಿಆರ್4 ಕಡ್ಡಿ ಇಟ್ಟುಕೊಂಡವನೇ ಸಾಹುಕಾರ ಅನ್ನುವ ಹಾಗಾಯಿತು.

ಈ ಎರಡರ ಜಾತಕ ನೋಡಿದರೆ ಅಣ್ಣತಮ್ಮಂದಿರ ಹಾಗಿದೆ. ಎರಡಕ್ಕೂ 6 ಕೋರ್, ಅಂದರೆ ಕೆಲಸ ಮಾಡುವ ಆರು ಕೈ; 12 ಥ್ರೆಡ್, ಅಂದರೆ ಒಮ್ಮೆಗೆ ಹಿಡಿಯಬಲ್ಲ ಹನ್ನೆರಡು ಕೆಲಸ. ಎರಡೂ ಜೋರಾಗಿ ಓಡಿದರೆ ಗಡಿಯಾರದ ವೇಗ 4.4 ಗಿಗಾಹರ್ಟ್ಸ್. ಎರಡರ ಡಬ್ಬಿ ಮೇಲೂ 65 ವ್ಯಾಟ್ ಅಂತ ಬರೆದಿದೆ. ಎರಡರ ಜತೆಗೂ ಒಂದು ಪುಟ್ಟ ಫ್ಯಾನ್ ಬರುತ್ತದೆ. ಎರಡರಲ್ಲೂ ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಬೇಕು. ಬಿಡುಗಡೆಯ ದಿನ ಎಎಂಡಿ 199 ಡಾಲರ್ ಅಂದಿತ್ತು, ಇಂಟೆಲ್ 167 ಡಾಲರ್. ನಮ್ಮೂರಲ್ಲಿ ಆ ಡಾಲರ್ ಲೆಕ್ಕ ನಡೆಯುವುದಿಲ್ಲ ಬಿಡಿ. ಇಲ್ಲಿಯ ರೇಟು ವಾರಕ್ಕೊಂದು, ಅದರ ಮೇಲೆ ಶೇಕಡ 18 ಜಿಎಸ್‌ಟಿ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕ್ಯಾಶ್‌ನಲ್ಲಿದೆ. ದುಡ್ಡಿನ ಕ್ಯಾಶ್ ಅಲ್ಲ, ಪ್ರೊಸೆಸರ್ ಒಳಗಿನ ಮೆಮೊರಿ. ಇದನ್ನು ಹೇಳಲು ನಾನು ಯಾವಾಗಲೂ ನಮ್ಮಪ್ಪನ ಅಂಗಡಿಗೆ ಹೋಗುತ್ತೇನೆ.

ಚೌಕಿಪೇಟೆಯಲ್ಲಿ ನಮ್ಮಪ್ಪನದು ದಿನಸಿ ಅಂಗಡಿ ಇತ್ತು. ಅಪ್ಪ ಗಾದಿ ಮೇಲೆ ಕೂತರೆ ಏಳುತ್ತಿರಲಿಲ್ಲ. ಕೈಗೆ ಸಿಗುವ ಹಾಗೆ ನಾಲ್ಕು ಡಬ್ಬಿ. ಸಾಸಿವೆ, ಜೀರಿಗೆ, ಏಲಕ್ಕಿ, ಬೀಡಿ ಕಟ್ಟು. ಬೆನ್ನ ಹಿಂದೆ ಒಂದು ಕಪಾಟು, ಸ್ವಲ್ಪ ತಿರುಗಿದರೆ ಸಿಗುತ್ತಿತ್ತು. ಅದರಾಚೆ ಒಳಕೋಣೆ, ಅಲ್ಲಿಗೆ ಎದ್ದು ಹೋಗಬೇಕು. ಅಲ್ಲೂ ಇಲ್ಲದ್ದಕ್ಕೆ ಗೋಡೌನು. ಗೋಡೌನಿಗೆ ನನ್ನನ್ನು ಸೈಕಲ್ ಮೇಲೆ ಓಡಿಸುತ್ತಿದ್ದರು. ನಾನು ಮೂಟೆ ತರುವ ತನಕ ಗಿರಾಕಿ ನಿಂತೇ ಇರಬೇಕು. ಅಪ್ಪ ಎಷ್ಟು ಚುರುಕಾಗಿದ್ದರೂ ಏನು ಉಪಯೋಗ? ಸೈಕಲ್ ಬರಬೇಕಲ್ಲ.

ಪ್ರೊಸೆಸರ್‌ನಲ್ಲೂ ಹೀಗೇ. ಕೈಯಳತೆಯ ಡಬ್ಬಿ ಅಂದರೆ ಎಲ್1, ಬೆನ್ನ ಹಿಂದಿನ ಕಪಾಟು ಎಲ್2, ಒಳಕೋಣೆ ಎಲ್3. ಗೋಡೌನೇ ರ್ಯಾಮ್. 5600ರ ಒಳಕೋಣೆ ದೊಡ್ಡದು, 32 ಎಂಬಿ. 12400ಎಫ್‌ನ ಒಳಕೋಣೆ 18 ಎಂಬಿ. ಇಷ್ಟು ಕೇಳಿ ಎಎಂಡಿ ಗೆದ್ದಿತು ಅಂದುಕೊಳ್ಳಬೇಡಿ. ಇಂಟೆಲ್‌ನವರು ಕಪಾಟನ್ನು ದೊಡ್ಡದು ಮಾಡಿದ್ದಾರೆ. ಅದರ ಒಂದೊಂದು ಕೋರ್‌ಗೂ ಒಂದೂಕಾಲು ಎಂಬಿ ಎಲ್2 ಇದೆ. ಎಎಂಡಿಯಲ್ಲಿ ಒಂದೊಂದು ಕೋರ್‌ಗೆ ಅರ್ಧ ಎಂಬಿ ಮಾತ್ರ. ಜತೆಗೆ ಇಂಟೆಲ್‌ನ ಈ ಕೋರ್ ಒಂದೇ ಗಡಿಯಾರದ ಬಡಿತದಲ್ಲಿ ಸ್ವಲ್ಪ ಜಾಸ್ತಿ ಕೆಲಸ ಮುಗಿಸುತ್ತದೆ. ಹಾಗಾಗಿ ಒಂದು ಗೇಮ್‌ನಲ್ಲಿ ಇದು ಮುಂದೆ, ಇನ್ನೊಂದರಲ್ಲಿ ಅದು ಮುಂದೆ. ಒಂದೇ ಗ್ರಾಫಿಕ್ಸ್ ಕಾರ್ಡ್ ಹಾಕಿ ಅಳೆದವರೆಲ್ಲ ಕಂಡದ್ದು ಸಣ್ಣ ಅಂತರವನ್ನೇ. ಕಣ್ಣಿಗೆ ಕಾಣುವಷ್ಟಲ್ಲ.

ಒಳಕೋಣೆ ನಿಜಕ್ಕೂ ದೊಡ್ಡದಾದರೆ ಏನಾಗುತ್ತದೆ ಅನ್ನುವುದಕ್ಕೆ ರೈಜನ್ 7 5800ಎಕ್ಸ್3ಡಿ ಸಾಕ್ಷಿ. ಅದೂ 2022ರ ಏಪ್ರಿಲ್‌ನದೇ. ಚಿಪ್ ಮೇಲೆ ಇನ್ನೊಂದು ಪದರ ಕ್ಯಾಶ್ ಕೂರಿಸಿ 96 ಎಂಬಿ ಮಾಡಿದರು. ಮನೆ ಮೇಲೆ ಮಹಡಿ ಎತ್ತಿದ ಹಾಗೆ. ಗೇಮ್‌ನಲ್ಲಿ ಅದು ತನಗಿಂತ ವೇಗದ ಗಡಿಯಾರ ಇದ್ದವರನ್ನೂ ಹಿಂದೆ ಹಾಕಿತು. ಗಿಗಾಹರ್ಟ್ಸ್ ಒಂದನ್ನೇ ನೋಡಿ ಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಗೇಮ್‌ಗೆ ಬರೋಣ. ಪರದೆ ಮೇಲೆ ಒಂದು ಚಿತ್ರ ಬರಲು ಇಬ್ಬರು ಕೆಲಸ ಮಾಡಬೇಕು. ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಾಗಿತು, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅನ್ನುವ ಲೆಕ್ಕ ಪ್ರೊಸೆಸರ್‌ದು. ಆ ಲೆಕ್ಕ ನೋಡಿ ಬಣ್ಣ ಬಳಿಯುವುದು ಗ್ರಾಫಿಕ್ಸ್ ಕಾರ್ಡ್. ನಮ್ಮೂರ ಮಂಡಕ್ಕಿ ಗಾಡಿ ನೆನೆಸಿಕೊಳ್ಳಿ. ಒಬ್ಬ ಮಂಡಕ್ಕಿ ಕಲಸುತ್ತಾನೆ, ಇನ್ನೊಬ್ಬ ಮಿರ್ಚಿ ಕರಿಯುತ್ತಾನೆ. ಎರಡೂ ಆದ ಮೇಲೆ ಪ್ಲೇಟ್ ನಿಮ್ಮ ಕೈಗೆ. ಮಿರ್ಚಿ ಎಣ್ಣೆಯಲ್ಲಿ ಇನ್ನೂ ಬೇಯುತ್ತಿದೆ ಅನ್ನಿ, ಮಂಡಕ್ಕಿ ಕಲಸುವವನು ಎಷ್ಟು ಬೇಗ ಕಲಸಿದರೂ ಸುಮ್ನೆ ನಿಂತಿರಬೇಕು. ಆಗ ಅವನನ್ನು ಬಿಡಿಸಿ ಇನ್ನೂ ಚುರುಕಿನವನನ್ನು ತಂದರೆ ನಿಮ್ಮ ಪ್ಲೇಟ್ ಬೇಗ ಬರುತ್ತದಾ? ಇಲ್ಲ.

ನಮ್ಮ ಬಹುಪಾಲು ಹುಡುಗರ ಕಂಪ್ಯೂಟರ್ ಕಥೆ ಇದೇ. ಗ್ರಾಫಿಕ್ಸ್ ಕಾರ್ಡ್ ಸಾಧಾರಣದ್ದು, ಗೇಮ್ ದೊಡ್ಡದು, ಸೆಟ್ಟಿಂಗ್ ಎಲ್ಲ ಮೇಲಕ್ಕೆ. ಮಿರ್ಚಿ ಬೇಯುತ್ತಲೇ ಇದೆ. 1080ಪಿ ಇಂದ 1440ಪಿಗೆ ಹೋದರೆ ಚಿತ್ರ ಇನ್ನೂ ದೊಡ್ಡದು, ಬಾಣಲೆಗೆ ಇನ್ನೂ ಕೆಲಸ. ಅಲ್ಲಿ 5600 ಹಾಕಿದರೂ ಅಷ್ಟೇ, 12400ಎಫ್ ಹಾಕಿದರೂ ಅಷ್ಟೇ.

ಉಲ್ಟಾ ಕೂಡ ಇದೆ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಆಡುವವರು ಸೆಟ್ಟಿಂಗ್ ಎಲ್ಲ ಕೆಳಗಿಟ್ಟು 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಚಿತ್ರ ತೋರಿಸುವ ಮಾನಿಟರ್ ಇಟ್ಟುಕೊಳ್ಳುತ್ತಾರೆ. ಸೆಕೆಂಡಿಗೆ 60 ಚಿತ್ರ ಅಂದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್ ಸಮಯ ಸಿಗುತ್ತದೆ. 144 ಅಂದರೆ 6.9 ಮಾತ್ರ. ಇಲ್ಲಿ ಮಿರ್ಚಿ ಮೊದಲೇ ರೆಡಿ, ಕಲಸುವವನು ಬೆವರುತ್ತಾನೆ. ಇಂಥ ಕಡೆ ಪ್ರೊಸೆಸರ್ ಮುಖ್ಯ. ಆದರೆ ಈ ಎರಡೂ ಅಲ್ಲೂ ಆ ಮಾನಿಟರ್‌ಗೆ ಸಾಕಾಗುವಷ್ಟು ಓಡುತ್ತವೆ.

ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಸರಾಸರಿ ನೋಡಿ ಮರುಳಾಗಬೇಡಿ, ಇದೊಂದು ಮಾತು ಬಿಟ್ಟುಹೋಗಬಾರದು. ಇಲ್ಲಿಂದ ಚಿತ್ರದುರ್ಗಕ್ಕೆ ಹೈವೇಯಲ್ಲಿ ಆರಾಮಾಗಿ ಒಂದು ಗಂಟೆಯಲ್ಲಿ ಹೋದಿರಿ ಅನ್ನಿ. ನಡುವೆ ಲಾರಿ ಅಡ್ಡ ಬಿದ್ದು ಐದು ನಿಮಿಷ ನಿಂತಿದ್ದರೆ ನಿಮಗೆ ನೆನಪಿರುವುದು ಆ ಐದು ನಿಮಿಷವೇ. ಗೇಮ್‌ನಲ್ಲಿ ಗಕ್ಕನೆ ನಿಲ್ಲುತ್ತದಲ್ಲ, ಅದು ಸರಾಸರಿಯಲ್ಲಿ ಕಾಣುವುದಿಲ್ಲ. ಅದಕ್ಕೇ ಟೆಸ್ಟ್ ಮಾಡುವವರು ಅತಿ ನಿಧಾನವಾದ ನೂರಕ್ಕೊಂದು ಭಾಗದ ಚಿತ್ರಗಳನ್ನು ಬೇರೆ ಅಳೆದು ಒಂದು ಪರ್ಸೆಂಟ್ ಲೋ ಅಂತ ಕೊಡುತ್ತಾರೆ. ಆ ಅಂಕಿ ನೋಡಿ. ಹಳೇ ನಾಲ್ಕು ಕೋರ್ ಪ್ರೊಸೆಸರ್‌ನಿಂದ ಈ ಎರಡರಲ್ಲಿ ಯಾವುದಕ್ಕೆ ಬಂದರೂ ಮೊದಲು ಹಿತ ಅನಿಸುವುದು ಆ ನಿಲ್ಲುವ ರೋಗ ಹೋಗುವುದರಿಂದ.

ಇನ್ನು ಹೆಸರಿನ ಕೊನೆಯ ಅಕ್ಷರ. ಇದರಲ್ಲಿ ನಮ್ಮ ಹುಡುಗರು ಮೋಸ ಹೋಗುವಷ್ಟು ಬೇರೆಲ್ಲೂ ಹೋಗುವುದಿಲ್ಲ.

ಒಬ್ಬ ಹುಡುಗ ಒಂದು ದಿನ ಕ್ಯಾಬಿನೆಟ್ಟನ್ನು ತೊಡೆ ಮೇಲಿಟ್ಟುಕೊಂಡು ಆಟೋದಲ್ಲಿ ಬಂದ. ಹಿಂದೆ ಅವರಪ್ಪ. 'ನೋಡ್ರೀ, ಇಷ್ಟ್ ದುಡ್ಡು ಸುರಿದ್ವಿ, ಟಿವಿ ಹಂಗೆ ಕರ್ರಗೆ ಕೂತೈತಿ' ಅಂದರು. ತೆಗೆದು ನೋಡಿದೆ. 12400ಎಫ್ ಇದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕಾರ್ಡ್ ಮುಂದಿನ ವರ್ಷ ತಗೊಳ್ಳೋಣ ಅಂತ ಬಿಟ್ಟಿದ್ದನಂತೆ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಮದರ್‌ಬೋರ್ಡ್, ಅಂದರೆ ಎಲ್ಲ ಭಾಗ ಕೂರುವ ಹಲಗೆಯ ಹಿಂದೆ ಎಚ್‌ಡಿಎಂಐ ತೂತು ಇದ್ದರೂ ಅದರಿಂದ ಚಿತ್ರ ಬರುವುದಿಲ್ಲ. ಎಫ್ ಇಲ್ಲದ ಬರೀ 12400 ತಗೊಂಡಿದ್ದರೆ ಅದರಲ್ಲಿ ಯುಎಚ್‌ಡಿ 730 ಇರುತ್ತದೆ, ಓದು-ಬರಹ, ಸಿನಿಮಾ, ಹಳೇ ಗೇಮ್ ನಡೆಯುತ್ತಿತ್ತು. ಕೆಟ್ಟದ್ದು ಏನೂ ಇಲ್ಲ ಅಂದಾಗ ಅವರಪ್ಪ ಮಗನ ಮುಖ ನೋಡಿದ ರೀತಿ ಇದೆಯಲ್ಲ, ಅದಕ್ಕಿಂತ ಬೋರ್ಡ್ ಸುಟ್ಟಿದೆ ಅಂದಿದ್ದರೇ ಹುಡುಗನಿಗೆ ವಾಸಿಯಾಗುತ್ತಿತ್ತು.

ಇನ್ನೊಂದು 5600ಜಿ. ಜಿ ಅಂದರೆ ಗೇಮಿಂಗ್ ಅಂತ ತಿಳಿದವರು ಎಷ್ಟು ಜನ, ಕೈ ಎತ್ತಿ. ಪರವಾಗಿಲ್ಲ, ಎತ್ತಿ. ಜಿ ಅಂದರೆ ಒಳಗೆ ಗ್ರಾಫಿಕ್ಸ್ ಇದೆ ಅಂತ. ಕಾರ್ಡ್ ಕೊಳ್ಳುವ ಶಕ್ತಿ ಸದ್ಯಕ್ಕೆ ಇಲ್ಲದವರಿಗೆ ಅದು ಒಳ್ಳೆಯ ಮಾಲೇ. ಆದರೆ 5600 ಮತ್ತು 5600ಜಿ ಒಂದೇ ಚಿಪ್ ಅಲ್ಲ. 5600ಜಿಯ ಎಲ್3 ಕ್ಯಾಶ್ 16 ಎಂಬಿ, ಅಂದರೆ ಅರ್ಧ. ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವ ದಾರಿಯೂ ಹಳೇದು, ಪಿಸಿಐಇ 3.0. ಕೆಲವು ಅಗ್ಗದ ಕಾರ್ಡ್‌ಗಳು ಆ ದಾರಿಯ ನಾಲ್ಕೇ ಲೇನ್ ಬಳಸುತ್ತವೆ. ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಅಂಥದ್ದು. 4.0 ಇದ್ದರೆ ಹೇಗೋ ನಡೆಯುತ್ತದೆ, 3.0ಗೆ ಹಾಕಿದರೆ ಏದುಸಿರು ಬಿಡುತ್ತದೆ. ಆದ್ದರಿಂದ ಕಾರ್ಡ್ ತಗೊಳ್ಳುವುದು ಗಟ್ಟಿ ಅಂದ ಮೇಲೆ ಜಿ ಬೇಡ. ಕಾರ್ಡ್ ಗಟ್ಟಿ ಇಲ್ಲ ಅಂದರೆ ಎಫ್ ಬೇಡ.

ಬೆಲೆಯ ಮಾತು. 'ಅಂಕಲ್, 5600 ಎಷ್ಟು, 12400ಎಫ್ ಎಷ್ಟು' ಅಂತ ಫೋನ್ ಮಾಡುತ್ತೀರಿ. ನಾನು ತಿರುಗಿಸಿ ಕೇಳುವುದು, ಮದರ್‌ಬೋರ್ಡ್ ಯಾವುದು ಅಂತ. ಪ್ರೊಸೆಸರ್ ಒಂದರ ಬೆಲೆ ಹಿಡಿದು ಕೂರುವುದು, ಎತ್ತಿನ ಬೆಲೆ ಕೇಳಿ ಗಾಡಿ ಬೆಲೆ ಮರೆತ ಹಾಗೆ. ಯಾವಾಗಲೂ ಜೋಡಿ ಬೆಲೆ ಕೇಳಿ. ಪ್ರೊಸೆಸರ್‌ನಲ್ಲಿ ಸಾವಿರ ಉಳಿಸಿ ಬೋರ್ಡ್‌ನಲ್ಲಿ ಎರಡು ಸಾವಿರ ಕಳೆದುಕೊಂಡವರನ್ನು ನೋಡಿದ್ದೇನೆ.

ಎಎಂಡಿ ಕಡೆ ಎಎಂ4 ಸಾಕೆಟ್. ಎ520 ಬೋರ್ಡ್ ಅಗ್ಗ, ಆದರೆ ಅದರಲ್ಲಿ ಪಿಸಿಐಇ 3.0 ಮಾತ್ರ. ಬಿ550 ಆದರೆ ಕಾರ್ಡ್‌ಗೂ ಫೈಲ್ ಇಡುವ ಮೊದಲ ಎಂ.2 ಎಸ್‌ಎಸ್‌ಡಿಗೂ 4.0 ಸಿಗುತ್ತದೆ. ಇಂಟೆಲ್ ಕಡೆ ಎಲ್‌ಜಿಎ 1700. ಎಚ್610 ಅಗ್ಗ. ಕಾರ್ಡ್‌ಗೆ 4.0 ಇದೆ, ಆದರೆ ರ್ಯಾಮ್‌ಗೆ ಎರಡೇ ಜಾಗ, ರ್ಯಾಮ್ ವೇಗ ಮೇಲಕ್ಕೆ ಎಳೆಯಲು ಬಿಡುವುದಿಲ್ಲ. ಬಿ660 ಆದರೆ ಅದಕ್ಕೆ ಅವಕಾಶ ಇದೆ. ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ಕಾಲಿಡಿ. ಇಂಟೆಲ್‌ನ ಈ ಬೋರ್ಡ್‌ಗಳು ಡಿಡಿಆರ್4 ಬೇರೆ, ಡಿಡಿಆರ್5 ಬೇರೆ ಬರುತ್ತವೆ. ಹೆಸರು ಹೆಚ್ಚುಕಮ್ಮಿ ಒಂದೇ. ಹಳೇ ರ್ಯಾಮ್ ಇಟ್ಟುಕೊಂಡು ಡಿಡಿಆರ್5 ಬೋರ್ಡ್ ತಂದರೆ ಕಡ್ಡಿ ಕೂರುವುದೇ ಇಲ್ಲ, ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ. ಜೋರು ಮಾಡಿ ಒತ್ತಿ ಸ್ಲಾಟ್ ಮುರಿದವರೂ ಇದ್ದಾರೆ.

ರ್ಯಾಮ್ ಬಗ್ಗೆ ಒಂದೇ ಮಾತು. 16 ಜಿಬಿ ಬೇಕಾದರೆ 8ರ ಎರಡು ಕಡ್ಡಿ ಹಾಕಿ, 16ರ ಒಂದು ಬೇಡ. 3200 ವೇಗದ ಒಂದು ಡಿಡಿಆರ್4 ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡು ಚಾನೆಲ್ ಆದರೆ 51.2. ಗೋಡೌನಿಗೆ ಒಂದು ಸೈಕಲ್ ಬದಲು ಎರಡು ಸೈಕಲ್. ಒಂದೇ ಕಡ್ಡಿ ಹಾಕಿಕೊಂಡು 5600 ಮೇಲೋ 12400ಎಫ್ ಮೇಲೋ ಅಂತ ಜಗಳ ಆಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಎಎಂ4 ಬೋರ್ಡ್ ಮನೆಯಲ್ಲಿ ಮೊದಲೇ ಇದ್ದವರಿಗೆ ಲೆಕ್ಕವೇ ಬೇರೆ. 2018-19ರಲ್ಲಿ ಬಿ450 ಬೋರ್ಡ್ ಹಾಕಿಸಿ ಹಳೇ ರೈಜನ್ ಓಡಿಸುತ್ತಿರುವವರು ಇಲ್ಲಿ ಇರಬಹುದು. ಅವರು ಬೋರ್ಡ್, ರ್ಯಾಮ್ ಏನೂ ಬದಲಿಸದೆ 5600 ಕೂರಿಸಬಹುದು. ಅಂಥವರಿಗೆ ಇಂಟೆಲ್ ಹೋಲಿಕೆಗೇ ಬರುವುದಿಲ್ಲ. ಆದರೆ ಬಯೋಸ್, ಅಂದರೆ ಬೋರ್ಡ್ ಒಳಗಿನ ಶುರುವಿನ ಸಾಫ್ಟ್‌ವೇರ್, ಮೊದಲು ಅಪ್‌ಡೇಟ್ ಮಾಡಬೇಕು, ಅದೂ ಹಳೇ ಪ್ರೊಸೆಸರ್ ಒಳಗಿರುವಾಗಲೇ. ಚಿತ್ರದುರ್ಗದಿಂದ ಒಬ್ಬ ಹುಡುಗ ಬಸ್ಸಿನಲ್ಲಿ ಬೋರ್ಡ್ ತಂದಿದ್ದ. ಹಳೇ ಪ್ರೊಸೆಸರ್ ಮಾರಿ, ಆ ದುಡ್ಡು ಸೇರಿಸಿ 5600 ತಗೊಂಡು, ಹಾಕಿದ ಮೇಲೆ ಆನ್ ಆಗಲಿಲ್ಲ. ಬಾಗಿಲ ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ನನ್ನ ಡ್ರಾದಲ್ಲಿ ಒಂದು ಹಳೇ ರೈಜನ್ 3 ಬಿದ್ದಿತ್ತು. ಅದನ್ನು ಹಾಕಿ, ಅಪ್‌ಡೇಟ್ ಮಾಡಿ, ತೆಗೆದು, ಹೊಸದು ಕೂರಿಸಿದೆವು. ಹುಡುಗ ಕೊನೆಯ ಬಸ್ಸಿಗೆ ಓಡಿದ.

ಪ್ರೊಸೆಸರ್ ತೆಗೆಯುವ ಮಾತು ಬಂತು, ನನ್ನ ಒಂದು ತಪ್ಪು ಹೇಳಿಬಿಡುತ್ತೇನೆ. ಈ ಎರಡರಲ್ಲಿ ಕೈಗೆ ತಿಳಿಯುವ ವ್ಯತ್ಯಾಸ ಇದೊಂದೇ. ಎಎಂ4ನಲ್ಲಿ ಪಿನ್ ಇರುವುದು ಪ್ರೊಸೆಸರ್ ಹೊಟ್ಟೆ ಮೇಲೆ, ಒಟ್ಟು 1331. ಇಂಟೆಲ್‌ನಲ್ಲಿ ಪಿನ್ ಇರುವುದು ಬೋರ್ಡ್‌ನಲ್ಲಿ, ಪ್ರೊಸೆಸರ್ ಹೊಟ್ಟೆ ಚಪ್ಪಟೆ.

ಒಂದು ಸಲ ಗಿರಾಕಿಯೊಬ್ಬರ ರೈಜನ್ ಬಿಚ್ಚುತ್ತಿದ್ದೆ. ಫ್ಯಾನಿನ ಸ್ಕ್ರೂ ಬಿಚ್ಚಿ, ನೇರ ಮೇಲಕ್ಕೆ ಎಳೆದೆ. ಪ್ರೊಸೆಸರ್ ಮತ್ತು ಫ್ಯಾನಿನ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಗೋಂದಿನ ಹಾಗಾಗಿತ್ತು. ಚಟ್ ಅಂತ ಸದ್ದು. ಫ್ಯಾನಿನ ಜತೆ ಪ್ರೊಸೆಸರ್ ಕೂಡ ಕಿತ್ತುಕೊಂಡು ಬಂತು, ಸಾಕೆಟ್‌ನ ಲಿವರ್ ಹಾಕಿದ ಹಾಗೇ ಇದೆ. ತಿರುಗಿಸಿ ನೋಡಿದರೆ ಒಂದು ಮೂಲೆಯಲ್ಲಿ ಪಿನ್‌ಗಳು ಗಾಳಿಗೆ ಬಿದ್ದ ಜೋಳದ ದಂಟಿನ ಹಾಗೆ ಒಂದರ ಮೇಲೊಂದು ಒರಗಿದ್ದವು. ಗಿರಾಕಿ ಎದುರಿಗೇ ಟೀ ಕುಡಿಯುತ್ತ ಕೂತಿದ್ದಾರೆ. ನನ್ನ ಬಾಯಿ ಒಣಗಿತು.

ಮಗಳ ಜಾಮಿಟ್ರಿ ಬಾಕ್ಸ್‌ನ ಲೆಡ್ ಪೆನ್ಸಿಲ್ ಆ ದಿನ ನನ್ನ ಮಾನ ಉಳಿಸಿತು. ಲೆಡ್ ತೆಗೆದುಹಾಕಿ, ತುದಿಯ ಸಣ್ಣ ಕೊಳವೆಯನ್ನು ಒಂದೊಂದೇ ಪಿನ್‌ಗೆ ತೊಡಿಸಿ ಮೆಲ್ಲಗೆ ನೆಟ್ಟಗೆ ಮಾಡಬೇಕು. ಒಂದೇ ಸಲ ಪೂರ್ತಿ ಎತ್ತಿದರೆ ಬುಡದಲ್ಲಿ ಮುರಿಯುತ್ತದೆ. ಒಂಚೂರು ಎತ್ತಿ, ಮುಂದಿನದಕ್ಕೆ ಹೋಗಿ, ಮತ್ತೆ ವಾಪಸ್ ಬರಬೇಕು. ಸಾಲು ನೆಟ್ಟಗಿದೆಯಾ ಅಂತ ಕಣ್ಣ ಮಟ್ಟಕ್ಕೆ ಹಿಡಿದು, ಟಾರ್ಚ್ ಬಿಟ್ಟು, ಓರೆಯಿಂದ ನೋಡಬೇಕು. ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಸಾಕೆಟ್ ಮೇಲೆ ಇಟ್ಟರೆ ಒತ್ತದೆ ತಾನಾಗಿ ಕೆಳಗಿಳಿಯಿತು. ಗಿರಾಕಿ ಮೂರನೇ ಟೀಗೆ ಬಂದಿದ್ದರು. ಅವರಿಗೆ ನಡೆದದ್ದು ಹೇಳಿದೆ, ಸರ್ವಿಸ್ ದುಡ್ಡು ತಗೊಳ್ಳಲಿಲ್ಲ.

ಆಗಿನಿಂದ ಎಎಂ4 ಬಿಚ್ಚುವ ಮೊದಲು ಹತ್ತು ನಿಮಿಷ ಮಿಷನ್ ಓಡಿಸಿ ಪೇಸ್ಟ್ ಬಿಸಿ ಮಾಡುತ್ತೇನೆ. ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನನ್ನು ಎಡಕ್ಕೆ ಬಲಕ್ಕೆ ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ, ಆಮೇಲೆ ಎತ್ತುತ್ತೇನೆ. ಇಂಟೆಲ್‌ನಲ್ಲಿ ಈ ಭಯ ಇಲ್ಲ. ಆದರೆ ಅಲ್ಲಿ ಬೋರ್ಡ್‌ನ ಪಿನ್ ಬಾಗಿದರೆ ಪೆನ್ಸಿಲ್ ನಡೆಯುವುದಿಲ್ಲ. ಅವು ಕೊಕ್ಕೆಯ ಹಾಗಿರುತ್ತವೆ, ಕೂದಲಿನಷ್ಟು ಸಣ್ಣ. ಬೋರ್ಡ್ ಜತೆ ಬರುವ ಪ್ಲಾಸ್ಟಿಕ್ ಮುಚ್ಚಳ ಬಿಸಾಕಬೇಡಿ. ವಾರಂಟಿಗೆ ಕಳಿಸುವಾಗ ಬೇಕಾಗುತ್ತದೆ.

ಇನ್ನು ನಮ್ಮೂರ ಬಿಸಿಲು. ಯೂಟ್ಯೂಬ್‌ನಲ್ಲಿ ಟೆಸ್ಟ್ ಮಾಡುವವರು ಎಸಿ ರೂಮಿನಲ್ಲಿ ಕೂತಿರುತ್ತಾರೆ. ಫ್ಯಾನ್ ಕೆಳಗಿನ ಲೋಹದ ಹೀಟ್‌ಸಿಂಕ್ ಮಾಡುವುದು ಇಷ್ಟೇ, ಚಿಪ್ಪನ್ನು ರೂಮಿನ ಗಾಳಿಗಿಂತ ಇಂತಿಷ್ಟು ಡಿಗ್ರಿ ಮೇಲೆ ನಿಲ್ಲಿಸುತ್ತದೆ. ಅವರ ರೂಮು 22, ಏಪ್ರಿಲ್‌ನಲ್ಲಿ ಆರ್‌ಸಿಸಿ ಕೆಳಗಿನ ನಿಮ್ಮ ರೂಮು 36 ಅಂದುಕೊಳ್ಳಿ. ಅವರಿಗೆ 66 ತೋರಿಸಿದ ಮಿಷನ್ ನಿಮಗೆ 80 ತೋರಿಸುತ್ತದೆ. ಏನೂ ಕೆಟ್ಟಿಲ್ಲ, ಹದಿನಾಲ್ಕು ಡಿಗ್ರಿ ನಮ್ಮೂರಿನದು. 5600ಗೆ 90 ಡಿಗ್ರಿ ಮಿತಿ, 12400ಎಫ್‌ಗೆ 100. ಮಿತಿ ಮುಟ್ಟಿದರೆ ಸುಡುವುದಿಲ್ಲ, ತಾನೇ ನಿಧಾನವಾಗುತ್ತದೆ. 65 ವ್ಯಾಟ್ ಅಂತ ಬರೆದಿದ್ದರೂ ಎಎಂಡಿ 76 ವ್ಯಾಟ್ ತನಕ ಎಳೆಯಬಹುದು. ಇಂಟೆಲ್‌ನವರು ಟರ್ಬೋದಲ್ಲಿ 117 ತನಕ ಅಂತ ಅವರೇ ಬರೆದಿದ್ದಾರೆ. ಗೇಮ್ ಆಡುವಾಗ ಅಷ್ಟೆಲ್ಲ ಹೋಗುವುದಿಲ್ಲ, ವಿಡಿಯೊ ರೆಂಡರ್ ಮಾಡುವಾಗ ಹೋಗಬಹುದು.

ಡಬ್ಬಿಯ ಜತೆ ಬರುವ ಫ್ಯಾನ್ ಎರಡರದ್ದೂ ಸಾಧಾರಣ. ಬೇಸಿಗೆಯಲ್ಲಿ ಕೂಗುತ್ತವೆ, ಅಷ್ಟೇ. ಇದಕ್ಕಿಂತ ದೊಡ್ಡ ಶತ್ರು ಧೂಳು. ರೈಸ್ ಮಿಲ್ ಕಡೆ ಮನೆ ಇರುವ ಒಬ್ಬ ಹುಡುಗನ ಹೀಟ್‌ಸಿಂಕ್ ಬಿಚ್ಚಿದೆ, ಅಲ್ಯೂಮಿನಿಯಂ ರೆಕ್ಕೆ ನಡುವೆ ತೌಡು ಒತ್ತಾಗಿ ಕೂತಿತ್ತು. ಕಡಿಮೆ ಅಂದರೆ ಒಂದು ಹಿಡಿ. ಅವನು ಹೊಸ ಪ್ರೊಸೆಸರ್ ಕೇಳಲು ಬಂದವನು. ಬ್ಲೋವರ್ ಹೊಡೆದು, ಪೇಸ್ಟ್ ಬದಲಿಸಿ ಕಳಿಸಿದೆ. ವ್ಯಾಪಾರ ಹೋಯಿತು, ಹೋಗಲಿ.

ಹಾಗಾದರೆ ನೀನು ಯಾವುದು ತಗೊಳ್ಳುತ್ತೀಯ ಅಂತ ಕೇಳುತ್ತೀರಿ. ಎಎಂ4 ಬೋರ್ಡ್ ಇದ್ದವನಾದರೆ ಕಣ್ಣು ಮುಚ್ಚಿ 5600. ಎಲ್ಲ ಹೊಸದಾಗಿ ತಗೊಳ್ಳುವವನಾದರೆ ಆ ವಾರ ಜೋಡಿ ಯಾವುದು ಅಗ್ಗವೋ ಅದು. ನನ್ನ ಕೈಗೆ 5600 ಮತ್ತು ಬಿ550 ಜೋಡಿ ಸ್ವಲ್ಪ ಹೆಚ್ಚು ಇಷ್ಟ. ಬಿಗಿ ಬಜೆಟ್‌ನಲ್ಲಿ ಹೊಸ ಕಾರ್ಡ್ ಹಾಕುವವರಿಗೆ ಎ520ಗಿಂತ ಎಚ್610 ಮತ್ತು 12400ಎಫ್ ವಾಸಿ. ಜೋಡಿಯಲ್ಲಿ ಉಳಿದ ದುಡ್ಡು ಕಾರ್ಡ್‌ಗೆ ಹಾಕಿ. ಕಾರ್ಡ್ ಒಂದು ಮೆಟ್ಟಿಲು ಮೇಲೆ ಹೋದರೆ ಸಿಗುವ ಸುಖ, ಈ ಎರಡರ ನಡುವಿನ ಅಂತರದಲ್ಲಿ ಸಿಗುವುದಿಲ್ಲ.

ಈಗ ಪ್ರಶ್ನೆ ಕೇಳಿ.

ಮಧ್ಯದ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು, 'ಸರ್, ಮುಂದೆ ಅಪ್‌ಗ್ರೇಡ್ ಮಾಡಬೇಕು ಅಂದ್ರೆ ಯಾವುದಕ್ಕೆ ದಾರಿ ಇದೆ?'

ನೋಡಮ್ಮ, ಎರಡೂ ಸಾಕೆಟ್ ಕೊನೆಯ ನಿಲ್ದಾಣದ ಹತ್ತಿರ ಇವೆ. ಎಎಂ4ಗೆ 5700ಎಕ್ಸ್3ಡಿ, 5800ಎಕ್ಸ್3ಡಿ ಒಳ್ಳೆಯ ಮುಂದಿನ ಮೆಟ್ಟಿಲು, ಆದರೆ ಹೊಸದಾಗಿ ಸಿಗುವುದು ಕಷ್ಟ. ಎಲ್‌ಜಿಎ 1700ಗೆ ಇಂಟೆಲ್‌ನ 14ನೇ ತಲೆಮಾರಿನ ತನಕ ಕೂರುತ್ತದೆ. 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್‌ಗಳಿಗೆ ವೋಲ್ಟೇಜ್ ಜಾಸ್ತಿ ಹೋಗಿ ಕೆಡುವ ತೊಂದರೆ ಇತ್ತು. 2024ರಲ್ಲಿ ಇಂಟೆಲ್ ಅದನ್ನು ಒಪ್ಪಿಕೊಂಡು ಸರಿಪಡಿಸುವ ಮೈಕ್ರೊಕೋಡ್, ಅಂದರೆ ಚಿಪ್‌ಗೆ ಕೊಡುವ ಅಪ್‌ಡೇಟ್, ಬಿಟ್ಟಿತು, ವಾರಂಟಿ ಎರಡು ವರ್ಷ ಹೆಚ್ಚಿಸಿತು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಹುಷಾರು, ಬಯೋಸ್ ಅಪ್‌ಡೇಟ್ ಮಾಡಿಸಿ. 12ನೇ ತಲೆಮಾರಿನ ಈ 12400ಎಫ್‌ಗೆ ಆ ರೋಗ ಇಲ್ಲ. ಐದಾರು ವರ್ಷ ಅದೇ ಬೋರ್ಡ್ ಇಟ್ಟುಕೊಳ್ಳಬೇಕು ಅನ್ನುವವರಿಗೆ ಎಎಂಡಿಯ ಹೊಸ ಸಾಕೆಟ್ ಎಎಂ5 ಸರಿ, ಅದಕ್ಕೆ ಬೇಕಾದ ಡಿಡಿಆರ್5 ರ್ಯಾಮ್ ದುಡ್ಡು ಕೈಯಲ್ಲಿದ್ದರೆ.

'ಟ್ರೇ ಪ್ರೊಸೆಸರ್ ತಗೊಬಹುದಾ?' ಅಂತ ಇನ್ನೊಬ್ಬ. ಟ್ರೇ ಅಂದರೆ ಡಬ್ಬಿ ಇಲ್ಲದೆ ಬರುವುದು. ಫ್ಯಾನ್ ಇರುವುದಿಲ್ಲ, ಕಂಪನಿಯ ಮೂರು ವರ್ಷದ ವಾರಂಟಿ ಇರುವುದಿಲ್ಲ, ಮಾರಿದವನ ಮಾತೇ ವಾರಂಟಿ. ಫ್ಯಾನಿನ ಬೆಲೆ ಕೂಡಿಸಿ ನೋಡಿ. ಆಮೇಲೂ ಉಳಿದರೆ, ಮಾರಿದವನು ಮುಂದಿನ ವರ್ಷವೂ ಅಲ್ಲೇ ಇರುತ್ತಾನೆ ಅನಿಸಿದರೆ, ತಗೊಳ್ಳಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಸರಿ, ಚೀಟಿ ತೆಗೆಯೋಣ.

ಎಂಟು ಚೀಟಿ. ಬಿಚ್ಚಿ ಒಂದೊಂದೇ ಓದಿದೆ. ಎಡಗಡೆಯದು ಎಎಂಡಿ ಅಂದವರು ಐದು ಜನ, ಇಂಟೆಲ್ ಅಂದವರು ಮೂರು ಜನ. ಟವೆಲ್ ಎಳೆದು ಪಕ್ಕದ ಬಾಗಿಲು ತೆಗೆದೆ. ಎಡಗಡೆ ಇಂಟೆಲ್ ಇತ್ತು. ಸರಿ ಬರೆದ ಮೂವರನ್ನು ಎಬ್ಬಿಸಿ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಇಬ್ಬರು ಸುಮ್ನೆ ಬರೆದೆವು ಸರ್ ಅಂದರು. ಮೂರನೆಯವನು ದೋಸೆ ಪಂಥ ಕಟ್ಟಿದವನು. 'ನಮ್ಮನೇಲೂ 12400ಎಫ್ ಇದೆ ಸರ್. ಗೇಮ್ ನೋಡಿ ಗೊತ್ತಾಗ್ಲಿಲ್ಲ. ಅದರ ಫ್ಯಾನ್ ಸದ್ದು ಗುರುತು ಸಿಕ್ತು' ಅಂದ. ಅವನ ಗೆಳೆಯ ಇದು ಮೋಸ, ದೋಸೆ ಕೊಡಿಸಲ್ಲ ಅಂತ ಎದ್ದು ನಿಂತ. ಇಬ್ಬರ ಜಗಳ ಮುಗಿಯಲಿಲ್ಲ. ಕೊನೆಗೆ ಮೂವರೂ ಹೋಗಿ ದೋಸೆ ತಿಂದೆವು, ಬಿಲ್ ನಾನೇ ಕೊಟ್ಟೆ.